ಸ್ಪಾರ್ಕ್ ಪ್ಲಗ್ ಅಳವಡಿಕೆಯಲ್ಲಿ ಆ್ಯಂಟಿ-ಸೀಜ್ ಲೇಪದ ಬಳಕೆ: ವಾಹನ ಹಾಗೂ ಕೃಷಿ ಯಂತ್ರಗಳ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಪುಂಜಾಲಕಟ್ಟೆ ಹಾಗೂ ಅದರ ಸುತ್ತಲಿನ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಭಾಗದ ಗ್ರಾಮಗಳಲ್ಲಿ ಅಡಿಕೆ ಪ್ರಮುಖ ಬೆಳೆಯಾಗಿರುತ್ತದೆ. ಈ ಭಾಗದ ಬಹುತೇಕ ಕೃಷಿಕ ಕುಟುಂಬಗಳಲ್ಲಿ ದ್ವಿಚಕ್ರ ವಾಹನದ ಜೊತೆಗೆ ಔಷಧ ಸಿಂಪಡಿಸುವ ಪಂಪು, ಹುಲ್ಲು ಕತ್ತರಿಸುವ ಯಂತ್ರ, ಮರ ಕತ್ತರಿಸುವ ಚೈನ್ ಸಾ ಮುಂತಾದ ಪೆಟ್ರೋಲ್ ಎಂಜಿನ್‌ಗಳು ಬಳಕೆಯಲ್ಲಿರುತ್ತವೆ. ಇವೆಲ್ಲವೂ ಸ್ಪಾರ್ಕ್ ಪ್ಲಗ್ ಎಂಬ ಒಂದು ಚಿಕ್ಕ ಬಿಡಿಭಾಗವನ್ನು ಅವಲಂಬಿಸಿರುತ್ತವೆ.

ಪ್ಲಗ್ ಬದಲಾಯಿಸುವಾಗ ಅದರ ಥ್ರೆಡ್‌ಗೆ ಆ್ಯಂಟಿ-ಸೀಜ್ ಎಂಬ ಲೇಪವನ್ನು, ಅದು ದೊರೆಯದಿದ್ದಲ್ಲಿ ಗ್ರೀಸ್ ಅಥವಾ ಎಂಜಿನ್ ಆಯಿಲನ್ನು ಹಚ್ಚುವ ರೂಢಿ ಹಲವೆಡೆ ಇರುತ್ತದೆ. ಮುಂದಿನ ಬಾರಿ ಪ್ಲಗ್ ಸುಲಭವಾಗಿ ಬಿಚ್ಚಿಕೊಳ್ಳಲಿ ಎಂಬುದೇ ಇದರ ಉದ್ದೇಶ. ಉದ್ದೇಶ ಒಳ್ಳೆಯದಾದರೂ ಇಂದಿನ ಎಂಜಿನ್‌ಗಳಲ್ಲಿ ಈ ಕ್ರಮದಿಂದ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚಾಗುವ ಸಂಭವವಿರುತ್ತದೆ. ಈ ಕುರಿತು ಸಾರ್ವಜನಿಕರಿಗೆ ಅಗತ್ಯ ತಿಳುವಳಿಕೆಯನ್ನು ಈ ಪುಟದಲ್ಲಿ ನೀಡಲಾಗಿದೆ.

2. ಮುಖ್ಯಾಂಶಗಳು

• ನಿಕ್ಕಲ್ ಅಥವಾ ಸತುವಿನ ಲೇಪನ ಹೊಂದಿರುವ ಹೊಸ ಸ್ಪಾರ್ಕ್ ಪ್ಲಗ್‌ಗಳಿಗೆ ಆ್ಯಂಟಿ-ಸೀಜ್ ಲೇಪದ ಅವಶ್ಯಕತೆ ಇರುವುದಿಲ್ಲ. ಥ್ರೆಡ್ ಒಣಗಿದ್ದು, ಸ್ವಚ್ಛವಾಗಿರುವುದೇ ಸಾಕು.
• ಲೇಪ ಹಚ್ಚಿದಾಗ ಅದೇ ಬಿಗಿತಕ್ಕೆ ಪ್ಲಗ್ ಹೆಚ್ಚು ಎಳೆತಕ್ಕೊಳಗಾಗುತ್ತದೆ. ಇದರಿಂದ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹಾಳಾಗಬಹುದು.
• ಪ್ಲಗ್ ಕಚ್ಚಿಕೊಳ್ಳಲು ಲೇಪದ ಕೊರತೆಗಿಂತ ಅತಿ ಬಿಗಿತ, ತಪ್ಪು ಅಳತೆಯ ಪ್ಲಗ್, ಕೊಳೆ, ನೀರು ಹಾಗೂ ವರ್ಷಗಟ್ಟಲೆ ಬಿಚ್ಚದೇ ಇರುವುದು ಮುಖ್ಯ ಕಾರಣಗಳಾಗಿರುತ್ತವೆ.
• ಯಂತ್ರದ ಕೈಪಿಡಿಯಲ್ಲಿ ಲೇಪ ಹಚ್ಚುವಂತೆ ಸ್ಪಷ್ಟವಾಗಿ ತಿಳಿಸಿದ್ದಲ್ಲಿ ಮಾತ್ರ, ಅದರಲ್ಲಿ ಹೇಳಿದ ವಿಧಾನದಂತೆ ಬಳಸತಕ್ಕದ್ದು.

3. ವ್ಯಾಪ್ತಿ

ಈ ಮಾಹಿತಿಯು ಪೆಟ್ರೋಲ್, ಎಲ್.ಪಿ.ಜಿ. ಹಾಗೂ ಸಿ.ಎನ್.ಜಿ. ಇಂಧನದಿಂದ ಚಲಿಸುವ ದ್ವಿಚಕ್ರ ವಾಹನ, ಆಟೋರಿಕ್ಷಾ ಹಾಗೂ ಕಾರುಗಳಿಗೆ ಮತ್ತು ಪೆಟ್ರೋಲ್‌ನಿಂದ ಚಲಿಸುವ ಕೃಷಿ ಯಂತ್ರಗಳಿಗೆ ಅನ್ವಯವಾಗುತ್ತದೆ. ಡೀಸೆಲ್ ಎಂಜಿನ್‌ಗಳಲ್ಲಿ ಗಾಳಿಯ ಒತ್ತಡದ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುವುದರಿಂದ ಅವುಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಆದ್ದರಿಂದ ಡೀಸೆಲ್ ಜೀಪು, ಟೆಂಪೋ, ಟ್ರ್ಯಾಕ್ಟರ್‌ಗಳಿಗೆ ಹಾಗೂ ವಿದ್ಯುತ್ ಚಾಲಿತ ವಾಹನಗಳಿಗೆ ಇದು ಅನ್ವಯಿಸುವುದಿಲ್ಲ.

4. ಸ್ಪಾರ್ಕ್ ಪ್ಲಗ್ ಮತ್ತು ಆ್ಯಂಟಿ-ಸೀಜ್ ಲೇಪ

ಸ್ಪಾರ್ಕ್ ಪ್ಲಗ್ ಸಿಲಿಂಡರ್ ಹೆಡ್‌ನಲ್ಲಿ ತಿರುಪಿನಂತೆ ಕುಳಿತಿರುತ್ತದೆ. ಅದರ ತುದಿಯಲ್ಲಿ ಹಾರುವ ಕಿಡಿಯು ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಹೊತ್ತಿಸುತ್ತದೆ. ಕಿಡಿ ನೀಡುವುದರ ಜೊತೆಗೆ ಪ್ಲಗ್ ಇನ್ನೆರಡು ಕೆಲಸಗಳನ್ನು ನಿರ್ವಹಿಸುತ್ತದೆ. ಮೊದಲನೆಯದಾಗಿ, ಸಿಲಿಂಡರ್‌ನೊಳಗಿನ ಒತ್ತಡ ಹೊರಗೆ ಸೋರದಂತೆ ತಡೆಯುತ್ತದೆ. ಎರಡನೆಯದಾಗಿ, ತನ್ನ ತುದಿಯಲ್ಲಿ ಸಂಗ್ರಹವಾಗುವ ಶಾಖವನ್ನು ಥ್ರೆಡ್ ಹಾಗೂ ವಾಷರ್ ಮೂಲಕ ಹೆಡ್‌ಗೆ ಸಾಗಿಸುತ್ತದೆ. ಪ್ಲಗ್‌ನ ತುದಿಯು ಸುಮಾರು 450ರಿಂದ 850 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿದ್ದಾಗ ಮಸಿ ತಾನಾಗಿಯೇ ಸುಟ್ಟು ಸ್ವಚ್ಛವಾಗಿರುತ್ತದೆ. ಅದಕ್ಕಿಂತ ಕಡಿಮೆಯಾದಲ್ಲಿ ಮಸಿ ಕಟ್ಟುತ್ತದೆ. ಹೆಚ್ಚಾದಲ್ಲಿ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್‌ಗೆ ಹಾನಿಯಾಗುತ್ತದೆ. ಪ್ಲಗ್ ಸರಿಯಾದ ಬಿಗಿತದಲ್ಲಿ ಕುಳಿತಿರುವುದು ಈ ಕಾರಣದಿಂದಲೂ ಅತ್ಯವಶ್ಯ.

ಆ್ಯಂಟಿ-ಸೀಜ್ ಎಂಬುದು ಅಲ್ಯೂಮಿನಿಯಂ, ತಾಮ್ರ, ನಿಕ್ಕಲ್ ಅಥವಾ ಗ್ರಾಫೈಟ್‌ನ ನುಣುಪಾದ ಪುಡಿಯನ್ನು ಗ್ರೀಸ್‌ನಲ್ಲಿ ಬೆರೆಸಿ ತಯಾರಿಸಿದ ಲೇಪವಾಗಿರುತ್ತದೆ. ಗ್ರೀಸ್ ಶಾಖಕ್ಕೆ ಆವಿಯಾದರೂ ಲೋಹದ ಪುಡಿ ಉಳಿದು, ಎರಡು ಲೋಹಗಳು ಪರಸ್ಪರ ಅಂಟಿಕೊಳ್ಳದಂತೆ ತಡೆಯುತ್ತದೆ. ಸೈಲೆನ್ಸರ್ ಬೋಲ್ಟ್‌ನಂತಹ, ಅತಿ ಶಾಖಕ್ಕೊಳಗಾಗಿ ತುಕ್ಕು ಹಿಡಿಯುವ ಸ್ಥಳಗಳಲ್ಲಿ ಇದು ಉಪಯುಕ್ತ ವಸ್ತುವೇ ಆಗಿರುತ್ತದೆ. ಇಲ್ಲಿನ ಆಕ್ಷೇಪಣೆ ಲೇಪದ ಗುಣಮಟ್ಟದ ಬಗ್ಗೆ ಅಲ್ಲ. ಸ್ಪಾರ್ಕ್ ಪ್ಲಗ್‌ಗೆ ಅದರ ಬಳಕೆಯ ಬಗ್ಗೆ ಮಾತ್ರ.

5. ರೂಢಿಯ ಹಿನ್ನೆಲೆ

1902ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಅವರು ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನು ರೂಪಿಸಿದ ನಂತರ ಈ ಬಿಡಿಭಾಗವು ವಾಣಿಜ್ಯವಾಗಿ ಯಶಸ್ವಿಯಾಯಿತು. ಕರ್ನಾಟಕಕ್ಕೂ ಸ್ಪಾರ್ಕ್ ಪ್ಲಗ್‌ಗೂ ಹಳೆಯ ನಂಟಿದೆ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ 'ಮೈಕೋ', ಬೆಂಗಳೂರಿನಲ್ಲಿ ಸ್ಪಾರ್ಕ್ ಪ್ಲಗ್ ತಯಾರಿಸಿ ದೇಶದಾದ್ಯಂತ ಒದಗಿಸಿತು. ಮೈಕೋ ಪ್ಲಗ್ ಎಂಬ ಹೆಸರು ಹಳೆಯ ಮೆಕ್ಯಾನಿಕ್‌ಗಳಿಗೆ ಇಂದಿಗೂ ಪರಿಚಿತ. ಈ ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾಯಿತು.

ಹಿಂದಿನ ದಶಕಗಳಲ್ಲಿ ಪ್ಲಗ್‌ಗಳ ಉಕ್ಕಿನ ಕವಚಕ್ಕೆ ಇಂದಿನಷ್ಟು ಉತ್ತಮವಾದ ತುಕ್ಕು ನಿರೋಧಕ ಲೇಪನವಿರಲಿಲ್ಲ. ಅಂಬಾಸಿಡರ್‌ನಂತಹ ವಾಹನಗಳ ಸಿಲಿಂಡರ್ ಹೆಡ್ ಎರಕದ ಕಬ್ಬಿಣದ್ದಾಗಿತ್ತು. ಕಬ್ಬಿಣಕ್ಕೆ ಕಬ್ಬಿಣ ತಗುಲಿ ತುಕ್ಕು ಹಿಡಿಯುವ ಸಂಭವವಿದ್ದುದರಿಂದ ಥ್ರೆಡ್‌ಗೆ ಗ್ರಾಫೈಟ್ ಅಥವಾ ಒಂದು ತೊಟ್ಟು ಎಣ್ಣೆ ಹಚ್ಚುವುದು ಅಂದಿನ ಮಟ್ಟಿಗೆ ಸಮಂಜಸವಾಗಿತ್ತು. ಕಬ್ಬಿಣದ ಥ್ರೆಡ್ ಗಟ್ಟಿಯಾದುದರಿಂದ ಬಿಗಿತ ಸ್ವಲ್ಪ ಹೆಚ್ಚಾದರೂ ತಡೆದುಕೊಳ್ಳುತ್ತಿತ್ತು.

ಇಂದು ಪರಿಸ್ಥಿತಿ ಎರಡೂ ಕಡೆಯಿಂದ ಬದಲಾಗಿದೆ. ಪ್ಲಗ್‌ನ ಕವಚಕ್ಕೆ ಕಾರ್ಖಾನೆಯಲ್ಲಿಯೇ ನಿಕ್ಕಲ್ ಅಥವಾ ಸತುವಿನ ಲೇಪನ ನೀಡಲಾಗುತ್ತದೆ. ಬಿಚ್ಚುವಾಗ ಸುಲಭವಾಗಲೆಂದು ಮಾಡಬೇಕಾದ ಕೆಲಸವನ್ನು ಈ ಲೇಪನವೇ ಮಾಡುತ್ತದೆ. ಸಿಲಿಂಡರ್ ಹೆಡ್ ಮಾತ್ರ ಅಲ್ಯೂಮಿನಿಯಂ ಮಿಶ್ರಲೋಹದ್ದಾಗಿದ್ದು, ಉಕ್ಕಿಗಿಂತ ಮೆದುವಾಗಿರುತ್ತದೆ. ಹೀಗಾಗಿ ಹಳೆಯ ರೂಢಿಯ ಲಾಭವು ಇಲ್ಲವಾಗಿ, ನಷ್ಟದ ಸಂಭವ ಮಾತ್ರ ಹೆಚ್ಚಾಗಿರುತ್ತದೆ. ಜಪಾನಿನ ಎನ್‌ಜಿಕೆ ಸಂಸ್ಥೆಯು ತನ್ನ ಪ್ಲಗ್‌ಗಳಿಗೆ ಆ್ಯಂಟಿ-ಸೀಜ್ ಅನಗತ್ಯವೆಂದೂ, ಅದು ಹಾನಿಕರವಾಗಬಹುದೆಂದೂ ತಿಳಿಸಿರುತ್ತದೆ. ಅಮೆರಿಕದ ಆಟೋಲೈಟ್ ಸಂಸ್ಥೆಯೂ ಲೇಪನವಿರುವ ಪ್ಲಗ್‌ಗಳಿಗೆ ಇದನ್ನು ಶಿಫಾರಸು ಮಾಡುವುದಿಲ್ಲ.

6. ಲೇಪದಿಂದ ಹಾನಿಯಾಗುವ ಬಗೆ

ಪ್ಲಗ್ ಬಿಗಿಯುವಾಗ ಪಾನಕ್ಕೆ ಹಾಕುವ ಬಲವೆಲ್ಲವೂ ಪ್ಲಗ್ಗನ್ನು ಹಿಡಿದಿಡಲು ವಿನಿಯೋಗವಾಗುವುದಿಲ್ಲ. ಯಾವುದೇ ಬೋಲ್ಟ್ ಬಿಗಿಯುವಾಗ ಆ ಬಲದ ಸುಮಾರು ಅರ್ಧದಷ್ಟು ವಾಷರ್ ಕೂರುವ ಮೇಲ್ಮೈಯ ಘರ್ಷಣೆಗೆ, ಸುಮಾರು ಶೇಕಡ 40ರಷ್ಟು ಥ್ರೆಡ್‌ನ ಘರ್ಷಣೆಗೆ ವ್ಯಯವಾಗುತ್ತದೆ. ಉಳಿದ ಶೇಕಡ 10ರಷ್ಟು ಮಾತ್ರ ನಿಜವಾದ ಎಳೆತವಾಗಿ ಪರಿಣಮಿಸುತ್ತದೆ. ತಯಾರಕರು ಕೈಪಿಡಿಯಲ್ಲಿ ನೀಡುವ ಬಿಗಿತದ ಪ್ರಮಾಣ, ಅಂದರೆ ಟಾರ್ಕ್, ಒಣಗಿದ ಥ್ರೆಡ್‌ನ ಲೆಕ್ಕದಲ್ಲಿ ನಿಗದಿಯಾಗಿರುತ್ತದೆ. ಲೇಪ ಹಚ್ಚಿದಾಗ ಘರ್ಷಣೆ ಕಡಿಮೆಯಾಗಿ, ಉಳಿತಾಯವಾದ ಬಲವು ಎಳೆತದ ಬಾಬಿಗೆ ಜಮೆಯಾಗುತ್ತದೆ.

ಉದಾಹರಣೆಗೆ, 14 ಮಿ.ಮೀ. ವ್ಯಾಸದ ಪ್ಲಗ್ಗನ್ನು 25 ನ್ಯೂಟನ್ ಮೀಟರ್‌ನಷ್ಟು ಬಿಗಿಯಲಾಗುತ್ತದೆ ಎಂದು ಭಾವಿಸಬಹುದು. ಎಂಜಿನಿಯರಿಂಗ್ ಲೆಕ್ಕದಲ್ಲಿ ಒಣಗಿದ ಥ್ರೆಡ್‌ಗೆ ಸಾಮಾನ್ಯವಾಗಿ ಹಿಡಿಯುವ 0.20ರ ಗುಣಾಂಕದಂತೆ ಪ್ಲಗ್‌ನ ಮೇಲೆ ಬೀಳುವ ಎಳೆತವು ಸುಮಾರು 910 ಕೆ.ಜಿ. ಭಾರಕ್ಕೆ ಸಮನಾಗಿರುತ್ತದೆ. ಲೇಪದಿಂದ ಈ ಗುಣಾಂಕ 0.15ಕ್ಕೆ ಇಳಿದಲ್ಲಿ, ಅದೇ 25 ನ್ಯೂಟನ್ ಮೀಟರ್‌ಗೆ ಎಳೆತವು ಸುಮಾರು 1,210 ಕೆ.ಜಿ.ಗೆ ಏರುತ್ತದೆ. ಅಂದರೆ ಟಾರ್ಕ್ ರೆಂಚ್ ತೋರಿಸುವ ಅಂಕಿ ಬದಲಾಗದೆ, ಎಳೆತ ಮಾತ್ರ ಮೂರನೇ ಒಂದು ಭಾಗದಷ್ಟು ಹೆಚ್ಚಾಗಿರುತ್ತದೆ.

ಇದರ ಪರಿಣಾಮಗಳು ಈ ಕೆಳಕಂಡಂತಿರುತ್ತವೆ:

(ಅ) ಹೆಡ್‌ನ ಅಲ್ಯೂಮಿನಿಯಂ ಥ್ರೆಡ್ ಜಾರಬಹುದು ಅಥವಾ ಪ್ಲಗ್‌ನೊಡನೆ ಕಿತ್ತು ಬರಬಹುದು.
(ಆ) ಪ್ಲಗ್‌ನ ಉಕ್ಕಿನ ಕವಚ ಹಿಗ್ಗಿ, ಒಳಗಿನ ಪಿಂಗಾಣಿಯ ಹಿಡಿತ ಸಡಿಲವಾಗಬಹುದು. ತೆಳುವಾದ 10 ಮಿ.ಮೀ. ಪ್ಲಗ್ ತುಂಡಾಗಲೂಬಹುದು.
(ಇ) ಹೆಚ್ಚಾಗಿ ಮೆತ್ತಿದ ಲೇಪ ಪ್ಲಗ್‌ನ ತುದಿಗೆ ಅಥವಾ ಪಿಂಗಾಣಿಗೆ ತಗುಲಿದಲ್ಲಿ, ಅದರಲ್ಲಿರುವ ಲೋಹದ ಪುಡಿಯ ಮೂಲಕ ವಿದ್ಯುತ್ ಹರಿದು ಕಿಡಿ ತಪ್ಪುತ್ತದೆ.
(ಈ) ಕಿಡಿ ತಪ್ಪಿದ ಎಂಜಿನ್‌ನಿಂದ ಸುಡದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗುತ್ತದೆ. 1 ಏಪ್ರಿಲ್ 2020ರಿಂದ ಭಾರತ್ ಸ್ಟೇಜ್-6 ಮಾನಕ ಜಾರಿಯಾದ ನಂತರದ ವಾಹನಗಳಲ್ಲಿ ಇದರಿಂದ ಕೆಟಾಲಿಟಿಕ್ ಕನ್ವರ್ಟರ್ ಹಾಳಾಗುವ ಸಂಭವವಿದ್ದು, ಅದರ ಬೆಲೆ ಪ್ಲಗ್‌ನ ಬೆಲೆಯ ಹಲವು ಪಟ್ಟು ಇರುತ್ತದೆ.

ಟಾರ್ಕ್ ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ ಬಿಗಿಯುವವರಿಗೂ ಈ ಮಾತು ಅನ್ವಯಿಸುತ್ತದೆ. ಅನುಭವಿ ಮೆಕ್ಯಾನಿಕ್ ತನ್ನ ಕೈಗೆ ತಾಗುವ ಪ್ರತಿರೋಧದಿಂದಲೇ ಬಿಗಿತವನ್ನು ಅರಿಯುತ್ತಾನೆ. ಆ ಪ್ರತಿರೋಧದ ಬಹುಭಾಗ ಘರ್ಷಣೆಯೇ ಆಗಿರುತ್ತದೆ. ಲೇಪವು ಘರ್ಷಣೆಯನ್ನು ಕಡಿಮೆ ಮಾಡುವುದರಿಂದ, 'ಇನ್ನೂ ಸ್ವಲ್ಪ ಬರುತ್ತದೆ' ಎಂಬ ತಪ್ಪು ಅನಿಸಿಕೆ ಉಂಟಾಗಿ ಪಳಗಿದ ಕೈಯೂ ಮೋಸ ಹೋಗುತ್ತದೆ.

7. ಸ್ಥಳೀಯ ಪರಿಸ್ಥಿತಿ: ಮಳೆ ಮತ್ತು ಮೈಲುತುತ್ತು

'ಬಯಲುಸೀಮೆಗೆ ಲೇಪ ಬೇಡದಿರಬಹುದು, ಇಲ್ಲಿನ ಮಳೆಗೆ ಬೇಕು' ಎಂಬ ಅಭಿಪ್ರಾಯ ಕರಾವಳಿ ಹಾಗೂ ಘಟ್ಟದ ತಪ್ಪಲಿನ ಭಾಗದಲ್ಲಿ ಕೇಳಿಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಧಾರಾಕಾರ ಮಳೆ, ಸದಾ ಇರುವ ತೇವ ಮತ್ತು ಔಷಧ ಸಿಂಪಡಣೆಯಿಂದ ಯಂತ್ರಗಳಿಗೆ ತೊಂದರೆಯಾಗುವುದು ನಿಜ. ಆದರೆ ಅದಕ್ಕೆ ಪರಿಹಾರ ಬೇರೆಯಾಗಿರುತ್ತದೆ.

ಅಡಿಕೆಯ ಕೊಳೆರೋಗದ ನಿಯಂತ್ರಣಕ್ಕೆ ಶೇಕಡ 1ರ ಬೋರ್ಡೋ ದ್ರಾವಣವನ್ನು ಮಳೆಗಾಲ ಪ್ರಾರಂಭವಾಗುವ ಮುನ್ನ ಒಮ್ಮೆ, ಸುಮಾರು 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಲಾಗುತ್ತದೆ. 100 ಲೀಟರ್ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು ಮತ್ತು 1 ಕೆ.ಜಿ. ಸುಣ್ಣ ಬಳಸುವುದು ಪ್ರಚಲಿತ ಪ್ರಮಾಣ. ಎರಡನೆಯ ಸಿಂಪಡಣೆಯು ಮಳೆಯ ನಡುವೆ ದೊರೆಯುವ ಒಂದೆರಡು ದಿನಗಳ ಬಿಡುವಿನಲ್ಲಿ ನಡೆಯಬೇಕಾಗುತ್ತದೆ. ಮರ ಏರುವವರು ಸಿಗುವುದೇ ಕಷ್ಟವಾಗಿರುವಾಗ, ಅವರು ಬಂದು ನಿಂತ ದಿನವೇ ಪಂಪಿನ ಪ್ಲಗ್ ಬಿಚ್ಚಲಾಗದಿದ್ದಲ್ಲಿ ಅಥವಾ ಹೆಡ್‌ನ ಥ್ರೆಡ್ ಕಿತ್ತು ಬಂದಲ್ಲಿ, ಆ ದಿನ ಮದ್ದು ಬಿಡುವ ಕೆಲಸ ನಿಲ್ಲುತ್ತದೆ. ಮುಂದಿನ ಬಿಸಿಲು ಬರುವವರೆಗೆ ಕೊಳೆರೋಗ ಕಾಯುವುದಿಲ್ಲ. ಪ್ಲಗ್‌ನ ಬೆಲೆ ಅಲ್ಪವಾದರೂ ತಪ್ಪಿದ ಸಿಂಪಡಣೆಯ ನಷ್ಟವು ಇಡೀ ವರ್ಷದ ಫಸಲಿನ ಮೇಲೆ ಬೀಳುತ್ತದೆ.

ಮೈಲುತುತ್ತಿನಲ್ಲಿರುವ ತಾಮ್ರದ ಅಂಶವು ಅಲ್ಯೂಮಿನಿಯಂ ಮೇಲೆ ಕುಳಿತು ತೇವವಾದಾಗ, ಅಲ್ಯೂಮಿನಿಯಂ ಸವೆಯುತ್ತದೆ. ಇದೇ ಕಾರಣದಿಂದ ತಾಮ್ರದ ಪುಡಿಯಿರುವ ಆ್ಯಂಟಿ-ಸೀಜ್ ಲೇಪವನ್ನು ತೇವವಿರುವ ಅಲ್ಯೂಮಿನಿಯಂ ಭಾಗಗಳಿಗೆ ಹಚ್ಚುವುದು ಸೂಕ್ತವಲ್ಲ. ಪ್ಲಗ್‌ನ ಬುಡದಲ್ಲಿ ದ್ರಾವಣ ಅಥವಾ ಮಳೆನೀರು ನಿಲ್ಲದಂತೆ ನೋಡಿಕೊಳ್ಳುವುದೇ ಸರಿಯಾದ ಉಪಾಯ. ಅದಕ್ಕಾಗಿ:

• ಸಿಂಪಡಣೆ ಮುಗಿದ ದಿನವೇ ಎಂಜಿನ್ ಆರಿದ ನಂತರ ಒದ್ದೆ ಬಟ್ಟೆಯಿಂದ ಹೆಡ್ ಮತ್ತು ಪ್ಲಗ್‌ನ ಸುತ್ತ ಒರೆಸಿ, ಒಣ ಬಟ್ಟೆಯಿಂದ ನೀರು ತೆಗೆಯತಕ್ಕದ್ದು.
• ವಾಹನ ತೊಳೆಯುವಾಗ ಒತ್ತಡದ ನೀರನ್ನು ನೇರವಾಗಿ ಪ್ಲಗ್‌ನ ಮೇಲೆ ಹಾಯಿಸಬಾರದು.
• ಪ್ಲಗ್ ಕ್ಯಾಪ್‌ನ ರಬ್ಬರ್ ಬಿರಿದಿದ್ದಲ್ಲಿ ಕೂಡಲೇ ಬದಲಾಯಿಸತಕ್ಕದ್ದು.
• ಯಂತ್ರವನ್ನು ಕೊಟ್ಟಿಗೆಯಲ್ಲಿ ಗೊಬ್ಬರ ಮತ್ತು ಮೈಲುತುತ್ತಿನ ಚೀಲಗಳ ಜೊತೆ ಇಡದೆ, ಗಾಳಿಯಾಡುವ ಒಣ ಸ್ಥಳದಲ್ಲಿ ನೆಲದಿಂದ ಎತ್ತರಿಸಿ ಇಡತಕ್ಕದ್ದು.

8. ಪ್ಲಗ್ ಕಚ್ಚಿಕೊಳ್ಳಲು ನಿಜವಾದ ಕಾರಣಗಳು

(ಅ) ಅತಿ ಬಿಗಿತ: ಉದ್ದನೆಯ ಹಿಡಿಕೆಯ ಪಾನ ಬಳಸಿ ಶಕ್ತಿಮೀರಿ ಬಿಗಿಯುವುದು.

(ಆ) ತಪ್ಪು ಉದ್ದದ ಪ್ಲಗ್: 14 ಮಿ.ಮೀ. ಪ್ಲಗ್‌ಗಳಲ್ಲಿಯೇ ಥ್ರೆಡ್‌ನ ಉದ್ದ 9.5, 12.7, 19 ಹಾಗೂ 26.5 ಮಿ.ಮೀ. ಎಂದು ಬೇರೆ ಬೇರೆ ಇರುತ್ತದೆ. ಉದ್ದವಾದ ಪ್ಲಗ್ ಹಾಕಿದಲ್ಲಿ ಅದರ ಥ್ರೆಡ್ ಸಿಲಿಂಡರ್‌ನೊಳಗೆ ಇಣುಕಿ ಮಸಿ ಕಟ್ಟುತ್ತದೆ. ಬಿಚ್ಚುವಾಗ ಆ ಮಸಿಯು ಹೆಡ್‌ನ ಥ್ರೆಡ್ಡನ್ನು ಅರೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಪ್ಲಗ್ ಪಿಸ್ಟನ್‌ಗೆ ತಾಗುವ ಅಪಾಯವೂ ಇರುತ್ತದೆ. ಗಿಡ್ಡ ಪ್ಲಗ್ ಹಾಕಿದಲ್ಲಿ ಹೆಡ್‌ನ ಖಾಲಿ ಥ್ರೆಡ್‌ನಲ್ಲಿ ಮಸಿ ತುಂಬಿ, ಮುಂದೆ ಸರಿಯಾದ ಪ್ಲಗ್ ಹೋಗುವುದಿಲ್ಲ.

(ಇ) ಬಿಸಿ ಎಂಜಿನ್‌ನಲ್ಲಿ ಬಿಚ್ಚುವುದು: ಅಲ್ಯೂಮಿನಿಯಂ ಶಾಖಕ್ಕೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಿಸಿಯಾಗಿರುವಾಗ ಅದರ ಥ್ರೆಡ್ ಇನ್ನಷ್ಟು ಮೆದುವಾಗಿದ್ದು ಸುಲಭವಾಗಿ ಕಿತ್ತು ಬರುತ್ತದೆ.

(ಈ) ಓರೆಯಾಗಿ ಹತ್ತಿಸುವುದು: ಮೊದಲ ಸುತ್ತುಗಳನ್ನು ಕೈಯಿಂದ ತಿರುಗಿಸದೆ ನೇರವಾಗಿ ಪಾನ ಹಾಕುವುದು.

(ಉ) ಮಣ್ಣು ಹಾಗೂ ಹುಲ್ಲಿನ ಪುಡಿ: ವಿಶೇಷವಾಗಿ ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಪ್ಲಗ್‌ನ ಸುತ್ತ ಸೇರಿಕೊಳ್ಳುವ ಕಸವು ಥ್ರೆಡ್‌ಗೆ ಇಳಿಯುತ್ತದೆ.

(ಊ) ವರ್ಷಗಟ್ಟಲೆ ಬಿಚ್ಚದೇ ಇರುವುದು: ಲೇಪದಿಂದ ದೊರೆಯುವುದೆಂದು ನಂಬಿರುವ ರಕ್ಷಣೆಯು, ಕೈಪಿಡಿಯಲ್ಲಿ ಹೇಳಿದ ಅವಧಿಗೆ ಪ್ಲಗ್ ಬಿಚ್ಚಿ ಪರಿಶೀಲಿಸುವುದರಿಂದಲೇ ದೊರೆಯುತ್ತದೆ.

9. ಪ್ಲಗ್ ಅಳವಡಿಸುವ ಸರಿಯಾದ ಕ್ರಮ

(1) ಎಂಜಿನ್ ಪೂರ್ಣವಾಗಿ ಆರುವವರೆಗೆ ಕಾಯತಕ್ಕದ್ದು.
(2) ಕ್ಯಾಪ್ಪನ್ನು ವಯರ್ ಹಿಡಿದು ಎಳೆಯದೆ, ಕ್ಯಾಪ್‌ನ ಬುಡವನ್ನು ಹಿಡಿದು ತೆಗೆಯತಕ್ಕದ್ದು.
(3) ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತಲಿನ ಕಸವನ್ನು ಬ್ರಷ್ ಅಥವಾ ಗಾಳಿಯಿಂದ ತೆಗೆಯತಕ್ಕದ್ದು. ಹೀಗೆ ಮಾಡದಿದ್ದಲ್ಲಿ ಕಸವು ಸಿಲಿಂಡರ್‌ನೊಳಗೆ ಬೀಳುತ್ತದೆ.
(4) ಹೊಸ ಪ್ಲಗ್‌ನ ಸಂಖ್ಯೆ ಕೈಪಿಡಿಯಲ್ಲಿರುವ ಸಂಖ್ಯೆಗೆ ಹೊಂದುವುದೇ ಎಂದು ನೋಡತಕ್ಕದ್ದು. 'ಸೈಜ್ ಒಂದೇ' ಎಂಬ ಮಾತಿನ ಮೇಲೆ ಖರೀದಿಸಬಾರದು.
(5) ಹೆಡ್‌ನ ಥ್ರೆಡ್ ಮತ್ತು ವಾಷರ್ ಕೂರುವ ಜಾಗವನ್ನು ಒಣ ಬಟ್ಟೆಯಿಂದ ಒರೆಸತಕ್ಕದ್ದು. ಹಳೆಯ ವಾಷರ್ ಹೆಡ್‌ಗೆ ಅಂಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.
(6) ಲೇಪ, ಗ್ರೀಸ್ ಅಥವಾ ಎಣ್ಣೆ ಹಚ್ಚದೆ ಪ್ಲಗ್ಗನ್ನು ಕೈಯಿಂದಲೇ ತಿರುಗಿಸಿ, ವಾಷರ್ ತಾಗುವವರೆಗೆ ಕೂರಿಸತಕ್ಕದ್ದು. ಕೈಗೆ ಎಟುಕದ ಜಾಗದಲ್ಲಿ ಪ್ಲಗ್‌ನ ತಲೆಗೆ ಗಿಡ್ಡ ರಬ್ಬರ್ ಪೈಪ್ ಸಿಕ್ಕಿಸಿ ತಿರುಗಿಸಬಹುದು. ಪ್ಲಗ್ ಓರೆಯಾದಲ್ಲಿ ಪೈಪ್ ಜಾರುವುದರಿಂದ ಥ್ರೆಡ್ ಹಾಳಾಗುವುದಿಲ್ಲ.
(7) ಅನಂತರ ಪಾನದಿಂದ ನಿಗದಿತ ಬಿಗಿತ ನೀಡತಕ್ಕದ್ದು.

ಅಲ್ಯೂಮಿನಿಯಂ ಹೆಡ್, ವಾಷರ್ ಇರುವ ಪ್ಲಗ್ ಹಾಗೂ ಒಣ ಥ್ರೆಡ್‌ಗೆ ಸಾಮಾನ್ಯ ಬಿಗಿತದ ಪ್ರಮಾಣ:

• 10 ಮಿ.ಮೀ. ಪ್ಲಗ್: 10ರಿಂದ 12 ನ್ಯೂಟನ್ ಮೀಟರ್
• 12 ಮಿ.ಮೀ. ಪ್ಲಗ್: 15ರಿಂದ 20 ನ್ಯೂಟನ್ ಮೀಟರ್
• 14 ಮಿ.ಮೀ. ಪ್ಲಗ್: 25ರಿಂದ 30 ನ್ಯೂಟನ್ ಮೀಟರ್

ಯಂತ್ರದ ಕೈಪಿಡಿಯಲ್ಲಿ ಬೇರೆ ಪ್ರಮಾಣವಿದ್ದಲ್ಲಿ ಅದನ್ನೇ ಅನುಸರಿಸತಕ್ಕದ್ದು. ವಿಶೇಷವಾಗಿ ಚಿಕ್ಕ ಎಂಜಿನ್‌ಗಳಿಗೆ ಇದಕ್ಕಿಂತ ಕಡಿಮೆ ಬಿಗಿತ ಸೂಚಿಸಿರುವುದುಂಟು.

ಟಾರ್ಕ್ ರೆಂಚ್ ಇಲ್ಲದವರು ಸುತ್ತಿನ ಲೆಕ್ಕವನ್ನು ಅನುಸರಿಸಬಹುದು. ಕೈಯಿಂದ ವಾಷರ್ ತಾಗುವವರೆಗೆ ಕೂರಿಸಿದ ನಂತರ ಪಾನದಿಂದ ನೀಡಬೇಕಾದ ಸುತ್ತು ಹೀಗಿರುತ್ತದೆ:

• ಹೊಸ ವಾಷರ್ ಇರುವ ಪ್ಲಗ್: ಸುಮಾರು ಅರ್ಧ ಸುತ್ತು (14 ಮಿ.ಮೀ. ಪ್ಲಗ್‌ಗೆ ಮೂರನೇ ಎರಡು ಭಾಗದವರೆಗೆ)
• ಒಮ್ಮೆ ಬಳಸಿದ ಪ್ಲಗ್: ವಾಷರ್ ಈಗಾಗಲೇ ಚಪ್ಪಟೆಯಾಗಿರುವುದರಿಂದ ತಯಾರಕರನ್ನು ಅವಲಂಬಿಸಿ 1/12ರಿಂದ 1/4 ಸುತ್ತು ಮಾತ್ರ
• ವಾಷರ್ ಇಲ್ಲದ, ಇಳಿಜಾರು ಬುಡದ ಪ್ಲಗ್: ಸುಮಾರು 1/16 ಸುತ್ತು

ಬಳಸಿದ ಪ್ಲಗ್‌ಗೆ ಹೊಸದರಂತೆ ಅರ್ಧ ಸುತ್ತು ನೀಡುವುದು ಸಾಮಾನ್ಯವಾಗಿ ನಡೆಯುವ ತಪ್ಪಾಗಿದ್ದು, ಹೆಡ್‌ನ ಥ್ರೆಡ್ ಹಾಳಾಗಲು ಇದೂ ಒಂದು ಕಾರಣವಾಗಿರುತ್ತದೆ.

ಅತಿ ಬಿಗಿತದ ಭಯದಿಂದ ಪ್ಲಗ್ಗನ್ನು ಸಡಿಲವಾಗಿ ಬಿಡುವುದೂ ಅಪಾಯಕರ. ಸಡಿಲವಾದ ಪ್ಲಗ್‌ನ ಶಾಖವು ಹೆಡ್‌ಗೆ ಸರಿಯಾಗಿ ಇಳಿಯುವುದಿಲ್ಲ. ಉಜಿರೆಯಿಂದ ಮುಂದೆ ಚಾರ್ಮಾಡಿ ಘಾಟಿ ಏರುವಂತಹ ದೀರ್ಘ ಏರಿನಲ್ಲಿ ಎಂಜಿನ್ ಸತತವಾಗಿ ದುಡಿಯುವಾಗ ಇಂತಹ ಪ್ಲಗ್ ಮಿತಿಮೀರಿ ಬಿಸಿಯಾಗಿ ಎಂಜಿನ್‌ಗೆ ಹಾನಿಯುಂಟಾಗಬಹುದು.

10. ಪ್ಲಗ್ ಈಗಾಗಲೇ ಕಚ್ಚಿಕೊಂಡಿದ್ದಲ್ಲಿ

ಬಲಪ್ರಯೋಗ ಮಾಡಬಾರದು. ಎಂಜಿನ್ ಆರಿದ ನಂತರ ಪ್ಲಗ್‌ನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆಯನ್ನು ಕೆಲವು ಹನಿ ಬಿಟ್ಟು, ಕೆಲವು ಗಂಟೆ ಅಥವಾ ಒಂದು ರಾತ್ರಿ ಬಿಡತಕ್ಕದ್ದು. ಅನಂತರ ಕಾಲು ಸುತ್ತಿನಷ್ಟು ಬಿಚ್ಚಿ, ಪುನಃ ಸ್ವಲ್ಪ ಬಿಗಿದು, ಮತ್ತೆ ಬಿಚ್ಚುತ್ತಾ ಸಾವಧಾನವಾಗಿ ಹೊರತೆಗೆಯತಕ್ಕದ್ದು. ತಿರುಗುವಾಗ ಬಿಗಿತ ಹೆಚ್ಚಾದಲ್ಲಿ ನಿಲ್ಲಿಸಿ, ಮತ್ತೆ ಎಣ್ಣೆ ಬಿಟ್ಟು ಕಾಯತಕ್ಕದ್ದು. ಹೊರಬಂದ ನಂತರ ಒಳಗಿಳಿದ ಎಣ್ಣೆಯನ್ನು ಒರೆಸಿ ಥ್ರೆಡ್ ಒಣಗಿಸಿ ಹೊಸ ಪ್ಲಗ್ ಹಾಕತಕ್ಕದ್ದು. ಎಣ್ಣೆ ಉಳಿದಲ್ಲಿ ಅದೂ ಲೇಪದಂತೆಯೇ ಬಿಗಿತದ ಲೆಕ್ಕವನ್ನು ತಪ್ಪಿಸುತ್ತದೆ.

ಥ್ರೆಡ್ ಈಗಾಗಲೇ ಹೋಗಿದ್ದಲ್ಲಿ, ಲೇತ್ ಕಾರ್ಯಾಗಾರದಲ್ಲಿ ರಂಧ್ರವನ್ನು ದೊಡ್ಡದು ಮಾಡಿ ಉಕ್ಕಿನ ಹೊಸ ಥ್ರೆಡ್ ಕೂರಿಸುವ ಸೌಲಭ್ಯವಿರುತ್ತದೆ. ಈ ಕೆಲಸದಲ್ಲಿ ಲೋಹದ ಚೂರು ಸಿಲಿಂಡರ್‌ಗೆ ಬೀಳದಂತೆ ಹೆಡ್ ಬಿಚ್ಚಿ ಮಾಡಿಸುವುದು ಉತ್ತಮ. ಹೋದ ಥ್ರೆಡ್‌ಗೆ ನೂಲು ಸುತ್ತಿ ಅಥವಾ ಅಂಟು ಹಚ್ಚಿ ಪ್ಲಗ್ ಕೂರಿಸುವುದು ಅತ್ಯಂತ ಅಪಾಯಕಾರಿ. ಒತ್ತಡಕ್ಕೆ ಪ್ಲಗ್ ಚಿಮ್ಮಿ ಸಮೀಪದಲ್ಲಿರುವವರಿಗೆ ಗಾಯವಾಗಬಹುದು.

11. ಲೇಪ ಬಳಸಬಹುದಾದ ಸಂದರ್ಭಗಳು

ಕೆಲವು ಸಂದರ್ಭಗಳಲ್ಲಿ ಲೇಪದ ಬಳಕೆ ಸೂಕ್ತವಾಗಿರುತ್ತದೆ.

(ಅ) ಲೇಪನವಿಲ್ಲದ ಪ್ಲಗ್: ಕವಚವು ಬೆಳ್ಳಿಯಂತೆ ಹೊಳೆಯದೆ ಕಪ್ಪಾಗಿರುವ ಹಳೆಯ ಮಾದರಿಯ ಪ್ಲಗ್ಗನ್ನು ಹಳೆಯ ಎಂಜಿನ್‌ಗೆ ಹಾಕುವಾಗ, ತಯಾರಕರ ಸೂಚನೆ ಇದ್ದಲ್ಲಿ ಬಳಸಬಹುದು.

(ಆ) ವಿಮಾನಗಳ ಪಿಸ್ಟನ್ ಎಂಜಿನ್: ಇವುಗಳ ಪ್ಲಗ್‌ಗಳನ್ನು ನಿಗದಿತ ಹಾರಾಟದ ಗಂಟೆಗಳಿಗೊಮ್ಮೆ ಬಿಚ್ಚಿ ಪರಿಶೀಲಿಸಲಾಗುತ್ತದೆ. ಅಲ್ಲಿ ಥ್ರೆಡ್‌ಗೆ ಲೇಪ ಹಚ್ಚುವುದು ಅಂಗೀಕೃತ ಕ್ರಮವಾಗಿದ್ದು, ಬಿಗಿತದ ಪ್ರಮಾಣವನ್ನೂ ಲೇಪವಿರುವ ಥ್ರೆಡ್‌ಗೆ ತಕ್ಕಂತೆ ನಿಗದಿಪಡಿಸಲಾಗಿರುತ್ತದೆ. ಆದ್ದರಿಂದ ಆ ಕ್ರಮವನ್ನು ಬೈಕಿಗೆ ಅನ್ವಯಿಸುವುದು ಸರಿಯಲ್ಲ.

(ಇ) ತಯಾರಕರ ವಿಶೇಷ ಸೂಚನೆ: ಅಮೆರಿಕದ ಫೋರ್ಡ್ ಸಂಸ್ಥೆಯ 5.4 ಲೀಟರ್ ಸಾಮರ್ಥ್ಯದ ಒಂದು ಎಂಜಿನ್‌ನಲ್ಲಿ, 2004ರಿಂದ 2008ರ ಅವಧಿಯ ವಾಹನಗಳ ಪ್ಲಗ್ ಬಿಚ್ಚುವಾಗ ತುಂಡಾಗುವ ದೂರು ವ್ಯಾಪಕವಾಗಿತ್ತು. ಸಂಸ್ಥೆಯು ನಿಕ್ಕಲ್‌ನ ಆ್ಯಂಟಿ-ಸೀಜ್ ಬಳಸಲು ಸೂಚಿಸಿತು. ಆದರೆ ಹಚ್ಚಬೇಕಾಗಿದ್ದುದು ಥ್ರೆಡ್‌ಗೆ ಅಲ್ಲ, ಥ್ರೆಡ್‌ನ ಕೆಳಗಿರುವ ಉದ್ದನೆಯ ಕವಚಕ್ಕೆ. ಒಂದು ಎಂಜಿನ್‌ಗೆ ನೀಡಿದ ಸೂಚನೆಯನ್ನು ಎಲ್ಲಾ ಎಂಜಿನ್‌ಗಳಿಗೆ ಅನ್ವಯಿಸಬಾರದೆಂಬುದಕ್ಕೆ ಇದು ನಿದರ್ಶನವಾಗಿರುತ್ತದೆ.

ಮೇಲ್ಕಂಡ ಸಂದರ್ಭಗಳಲ್ಲಿ ಲೇಪ ಬಳಸುವಾಗ ತೀರಾ ತೆಳುವಾಗಿ ಹಚ್ಚತಕ್ಕದ್ದು. ಪ್ಲಗ್‌ನ ತುದಿಯ ಕಡೆಯ ಮೊದಲ ಎರಡು ಸುತ್ತುಗಳನ್ನು ಖಾಲಿ ಬಿಡತಕ್ಕದ್ದು. ಕೈಪಿಡಿಯಲ್ಲಿನ ಬಿಗಿತವು ಒಣ ಥ್ರೆಡ್‌ಗೆ ಸಂಬಂಧಿಸಿದ್ದಲ್ಲಿ ಅದನ್ನು ಸುಮಾರು ಶೇಕಡ 30ರಷ್ಟು ಕಡಿಮೆ ಮಾಡತಕ್ಕದ್ದು; ಅಂದರೆ 25 ನ್ಯೂಟನ್ ಮೀಟರ್ ಇದ್ದಲ್ಲಿ 17ರಿಂದ 18 ಸಾಕಾಗುತ್ತದೆ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಲವು ವರ್ಷಗಳಿಂದ ಲೇಪ ಹಚ್ಚುತ್ತಿದ್ದರೂ ತೊಂದರೆಯಾಗಿಲ್ಲ. ಈಗ ನಿಲ್ಲಿಸಬೇಕೆ?
ಉತ್ತರ: ಹಗುರ ಕೈಯಿಂದ ಬಿಗಿಯುವವರಿಗೆ ತೊಂದರೆ ಕಾಣದಿರಬಹುದು. ಆದರೆ ಲೇಪನವಿರುವ ಪ್ಲಗ್‌ಗೆ ಅದರಿಂದ ಲಾಭವಿಲ್ಲ. ಬೇರೆಯವರು ಅದೇ ಯಂತ್ರವನ್ನು ಕೈಪಿಡಿಯ ಪ್ರಮಾಣದಂತೆ ಬಿಗಿದ ದಿನ ಹಾನಿಯಾಗಬಹುದು. ಆದ್ದರಿಂದ ನಿಲ್ಲಿಸುವುದು ಸೂಕ್ತ.

ಪ್ರಶ್ನೆ: ಹಿಂದೆ ಲೇಪ ಹಚ್ಚಿದ ಹೆಡ್‌ಗೆ ಏನು ಮಾಡಬೇಕು?
ಉತ್ತರ: ಮುಂದಿನ ಬಾರಿ ಪ್ಲಗ್ ಬಿಚ್ಚಿದಾಗ ಹೆಡ್‌ನ ಥ್ರೆಡ್ಡನ್ನು ಸ್ವಚ್ಛ ಬಟ್ಟೆಯಿಂದ ಒರೆಸಿ, ಹಳೆಯ ಲೇಪವನ್ನು ತೆಗೆದು ಹೊಸ ಪ್ಲಗ್ಗನ್ನು ಒಣದಾಗಿ ಕೂರಿಸತಕ್ಕದ್ದು.

ಪ್ರಶ್ನೆ: ಲೇಪದ ಬದಲು ಎಂಜಿನ್ ಆಯಿಲ್ ಅಥವಾ ತೆಂಗಿನೆಣ್ಣೆ ಹಚ್ಚಬಹುದೆ?
ಉತ್ತರ: ಹಚ್ಚಬಾರದು. ಎಣ್ಣೆಯೂ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ಮೇಲಾಗಿ ಶಾಖಕ್ಕೆ ಸುಟ್ಟು ಮಸಿಯಾಗಿ, ತಪ್ಪಿಸಬೇಕೆಂದಿದ್ದ ತೊಂದರೆಗೇ ಕಾರಣವಾಗುತ್ತದೆ.

ಪ್ರಶ್ನೆ: ಮಸಿ ಕಟ್ಟಿದ ಪ್ಲಗ್ಗನ್ನು ಉಜ್ಜಿ ಮತ್ತೆ ಬಳಸಬಹುದೆ?
ಉತ್ತರ: ತಾತ್ಕಾಲಿಕವಾಗಿ ಬಳಸಬಹುದು. ಇರಿಡಿಯಂ ತುದಿಯ ಪ್ಲಗ್‌ಗಳನ್ನು ಮಾತ್ರ ತಂತಿ ಬ್ರಷ್‌ನಿಂದ ಉಜ್ಜಬಾರದು. ಥ್ರೆಡ್ಡನ್ನು ಉಪ್ಪುಕಾಗದದಿಂದ ಉಜ್ಜಿದಲ್ಲಿ ಅದರ ರಕ್ಷಕ ಲೇಪನವೇ ಹೋಗುತ್ತದೆ.

13. ಮಳೆಗಾಲಕ್ಕೆ ಮುಂಚಿನ ಸಿದ್ಧತೆ

ಏಪ್ರಿಲ್ ಅಥವಾ ಮೇ ತಿಂಗಳ ಪ್ರಾರಂಭದಲ್ಲಿಯೇ ಸಿಂಪಡಣಾ ಪಂಪಿನ ಪ್ಲಗ್ ಒಮ್ಮೆ ಬಿಚ್ಚಿ ಪರಿಶೀಲಿಸಿ, ಥ್ರೆಡ್ ಒರೆಸಿ ಮರಳಿ ಕೂರಿಸತಕ್ಕದ್ದು. ಕಚ್ಚಿಕೊಂಡಿದ್ದಲ್ಲಿ ಆಗ ಎಣ್ಣೆ ಬಿಟ್ಟು ಕಾಯಲು ಸಮಯವಿರುತ್ತದೆ. ಥ್ರೆಡ್ ಹೋಗಿದ್ದಲ್ಲಿ ಲೇತ್‌ಗೆ ಒಯ್ಯಲೂ ಅವಕಾಶವಿರುತ್ತದೆ. ಕೈಪಿಡಿಯಲ್ಲಿ ಹೇಳಿದ ಸಂಖ್ಯೆಯ ಒಂದು ಹೆಚ್ಚುವರಿ ಪ್ಲಗ್ ಮತ್ತು ಅದಕ್ಕೆ ಹೊಂದುವ ಗಿಡ್ಡ ಹಿಡಿಕೆಯ ಪಾನವನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು ಸೂಕ್ತ. ಸಿಂಪಡಣೆಯ ಋತು ಮುಗಿದ ನಂತರವೂ ಇದೇ ಪರಿಶೀಲನೆಯನ್ನು ಪುನಃ ಮಾಡಿ ಯಂತ್ರವನ್ನು ಒಣ ಸ್ಥಳದಲ್ಲಿ ಇಡತಕ್ಕದ್ದು.

ಯಂತ್ರದ ಕೈಪಿಡಿ ಕಳೆದುಹೋಗಿದ್ದಲ್ಲಿ, ಎಂಜಿನ್‌ನ ಮೇಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ಪ್ಲಗ್‌ನ ಸಂಖ್ಯೆ ಹಾಗೂ ಬಿಗಿತದ ಪ್ರಮಾಣವನ್ನು ವಿಚಾರಿಸಿ, ಯಂತ್ರದ ಬಳಿಯೇ ಒಂದು ಚೀಟಿಯಲ್ಲಿ ಬರೆದಿಡುವುದು ಉತ್ತಮ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.